ಫ್ರಿಜ್ಜಿಗೆ ಬೀಗ ಹಾಕಿದವಳು

ಮೊನ್ನೆ ನಮ್ಮ ಹಳೆಯ ಫ್ರಿಜ್ಜನ್ನು ಒಯ್ಯುವುದಕ್ಕೆ ಬಂದ ಅಂಗಡಿಯವನು ಅದರ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ಮಾಡಿದ. ಒಳಗಿನಿಂದ ಹಳೇ ರಬ್ಬರಿನದೂ ಹುಳಿಮಜ್ಜಿಗೆಯದೂ ಕೂಡಿದ ಒಂದು ವಾಸನೆ ಬಂತು. ತೊಳೆದು ಒರೆಸಿ ಬಾಗಿಲು ತೆಗೆದಿಟ್ಟು ಒಣಗಿಸಿದ್ದರೂ ಆ ವಾಸನೆ ಹೋಗಿರಲಿಲ್ಲ. ಅವನು ಹಿಡಿಕೆಯ ಕೆಳಗಿನ ಸಣ್ಣ ತೂತನ್ನು ಬೆರಳಿನಿಂದ ಮುಟ್ಟಿ, "ಇದ್ರ ಕೀ ಎಲ್ಲಿ ಅಮ್ಮಾ?" ಎಂದು ಕೇಳಿದ.

ನಾನಾಗ ಒಂದು ಕೆನ್ನೆ ಊದಿಸಿಕೊಂಡು, ಹಲ್ಲಿನ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಮಾತಾಡಿದರೆ ದವಡೆ ಸಿಡಿಯುತ್ತಿತ್ತು. ಆದರೂ ನಗು ಬಂತು. ಅದೇಕೆ ನಗು ಎಂದು ನೀವು ಕೇಳಬಹುದು. ಫ್ರಿಜ್ಜಿಗೆ ಕೀಲಿ ಇರುತ್ತದೆ ಎಂಬುದೇ ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ತಂದ ದಿನ ದಾರ ಕಟ್ಟಿಕೊಂಡು ಬಂದ ಕೀಲಿ ಆ ದಾರದಲ್ಲೇ ಎಲ್ಲೋ ಕಳೆದುಹೋಗಿರುತ್ತದೆ. ನಮ್ಮ ಮನೆಯ ಕೀಲಿ ಹಾಗಲ್ಲ. ಹೊಸನಗರದಿಂದ ಸಾಗರದವರೆಗೆ, ಅಲ್ಲಿಂದ ಹಿನ್ನೀರು ದಾಟಿ ತುಮರಿಯವರೆಗೆ ಅದರ ಖ್ಯಾತಿ ಇದೆ. ಆಗಿನ್ನೂ ತುಮರಿಗೆ ಲಾಂಚಿನಲ್ಲೇ ಹೋಗಬೇಕಿತ್ತು. ಸುದ್ದಿ ಮಾತ್ರ ಲಾಂಚಿಗೆ ಕಾಯಲಿಲ್ಲ. ನಮ್ಮವರ ಕಡೆಯ ಯಾವ ಮದುವೆ ಮನೆಗೆ ಹೋದರೂ ಇಂದಿಗೂ ಯಾರಾದರೊಬ್ಬರು ಪಕ್ಕದವರನ್ನು ತಿವಿದು, "ಫ್ರಿಜ್ಜಿಗೆ ಬೀಗ ಹಾಕಿದ ಸೊಸೆ ಇವಳೇ" ಎನ್ನುತ್ತಾರೆ. ನಾನು ತಲೆ ತಗ್ಗಿಸುವುದಿಲ್ಲ. ಹೌದು, ಹಾಕಿದೆ. ಮತ್ತೆ ಅಂಥ ದಿನ ಬಂದರೆ ಮತ್ತೆ ಹಾಕುತ್ತೇನೆ.

ಮೊದಲು ನಮ್ಮ ಅತ್ತೆಯ ಪರಿಚಯವಾಗಬೇಕು. ಅವರು ಅಡಿಗೆ ಮನೆಯ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾರೆ, ಮೊನ್ನೆಯೂ ಕೂತಿದ್ದರು. ಈಗ ಕಿವಿ ಸ್ವಲ್ಪ ಮಂದ. ನಾಲಗೆ ಮೊದಲಿನಷ್ಟೇ ಚುರುಕು. ನಮ್ಮ ಮನೆ ಹೊಸನಗರದ ಪೇಟೆಯ ಹಿಂದಿನ ಓಣಿಯಲ್ಲಿದೆ. ಎದುರಿನ ಕೋಣೆಯಲ್ಲಿ ನನ್ನ ಟೈಲರಿಂಗ್, ಹಿತ್ತಿಲಲ್ಲಿ ಅತ್ತೆಯ ದನಗಳು. ಮಾವನವರು ಹೋದ ಮೇಲೆ ಹಾಲು ಮಾರಿ ಮಗನನ್ನು ಓದಿಸಿದವರು ಅತ್ತೆ. ಮಗನಿಗೆ ಓದು ಅಷ್ಟಾಗಿ ಹತ್ತದೆ, ನಮ್ಮವರು ಈಗ ಗೂಡ್ಸ್ ಗಾಡಿ ಓಡಿಸುತ್ತಾರೆ ಎಂಬುದು ಬೇರೆ ಮಾತು.

ಅತ್ತೆಗೆ ಒಂದು ವ್ರತವಿತ್ತು. ಅವರ ಮನೆಯಲ್ಲಿ ಯಾರಿಗೂ ಬರೀ ನೀರು ಕೊಡಕೂಡದು. ಕರೆಂಟಿನ ಬಿಲ್ಲು ಕೊಡಲು ಬಂದವನಿಗೆ ಮಜ್ಜಿಗೆ. ಪೋಸ್ಟಿನವನಿಗೆ ಮಜ್ಜಿಗೆ. ರವಿಕೆಯ ಅಳತೆ ಕೊಡಲು ಬಂದ ನನ್ನ ಗಿರಾಕಿಗಳಿಗೆ ಹಾಲು ಹಾಕಿದ ಕಾಫಿ, ಅದೂ ಸೊಂಟದ ಅಳತೆ ತೆಗೆಯುವ ಮೊದಲೇ. ದಾರಿ ತಪ್ಪಿ ಬಂದವರೂ ಮಜ್ಜಿಗೆ ಕುಡಿದೇ ದಾರಿ ಕೇಳಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬಳೆಗಾರ್ತಿ ಒಬ್ಬಳು ಬಾಯಾರಿಕೆ ಎಂದಾಗ ಒಂದು ಚೊಂಬು ನೀರು ಕೊಟ್ಟುಬಿಟ್ಟಿದ್ದೆ. ಅತ್ತೆ ಕೊಟ್ಟಿಗೆಯಿಂದಲೇ ನೋಡಿ ಬಂದು, "ಬರೀ ನೀರು ಕೊಟ್ಯಾ? ಎಂಗಳ ಮನೇಲಿ ದನಕ್ಕೂ ಬರೀ ನೀರು ಕೊಡದಿಲ್ಲೆ, ಅಕ್ಕಚ್ಚು ಕೊಡದು" ಎಂದಿದ್ದರು. ಅಕ್ಕಿ ತೊಳೆದ ನೀರಿಗೆ ತೌಡು ಕಲಸಿದರೆ ಅಕ್ಕಚ್ಚು. ಅಂದರೆ ಬಳೆಗಾರ್ತಿಯನ್ನು ನಾನು ದನಕ್ಕಿಂತ ಕಡೆಯಾಗಿ ನೋಡಿದೆ ಎಂದಾಯಿತು.

ನಾನು ತೀರ್ಥಹಳ್ಳಿಯ ಮೇಷ್ಟರ ಮಗಳು. ನಮ್ಮ ಮನೆಯಲ್ಲಿ ಬಾಯಾರಿದರೆ ನೀರು, ಮಾತ್ರೆಗೆ ನೀರು, ಬಿಕ್ಕಳಿಕೆಗೂ ನೀರು. ಹಾಲು ಕಾಫಿಗೆ ಬೇಕಾದಷ್ಟು ಮಾತ್ರ ಬರುತ್ತಿತ್ತು. 'ನನಗೆ' ಎನ್ನುವುದಕ್ಕೆ 'ಎಂಗೆ' ಎನ್ನುವ ಅತ್ತೆಯ ಮನೆಯ ಮಾತು ನನಗೆ ಬರುವುದಕ್ಕೆ ವರ್ಷ ಹಿಡಿಯಿತು. ಹಾಲಿನ ಶಾಸ್ತ್ರ ಅರ್ಥವಾಗುವುದಕ್ಕೆ ಇನ್ನೂ ಹೆಚ್ಚು ಹಿಡಿಯಿತು. ಆ ಶಾಸ್ತ್ರದ ಪ್ರಕಾರ ಪ್ರಪಂಚವೆಲ್ಲ ಉಷ್ಣ ಅಥವಾ ತಂಪು. ಪಪ್ಪಾಯಿ ಉಷ್ಣ, ಅನಾನಸ್ ಉಷ್ಣ, ಪ್ಲಾಸ್ಟಿಕ್ ಚಪ್ಪಲಿ ಉಷ್ಣ, ನನ್ನ ಹೊಲಿಗೆ ಮಿಷನ್ನಿನ ಮೋಟಾರು ಉಷ್ಣ, ಇಂಗ್ಲಿಷ್ ಮಾತ್ರೆಯಂತೂ ಕೆಂಡ. ಆದ್ದರಿಂದ ಮಾತ್ರೆ ನುಂಗಿದರೆ ಮೇಲಿನಿಂದ ತಣ್ಣಗೆ ಒಂದು ಲೋಟ ಹಾಲು ಇಳಿಯಬೇಕು. ಹಾಲು ಇಲ್ಲದಿದ್ದರೆ ಮಜ್ಜಿಗೆ, ಮಜ್ಜಿಗೆಯೂ ಇಲ್ಲದಿದ್ದರೆ ತಂಬುಳಿ. ಒಂದೆಲಗದ್ದಾದರೂ ಸರಿ, ದಾಳಿಂಬೆ ಸಿಪ್ಪೆಯದಾದರೂ ಸರಿ, ಅದಕ್ಕೂ ಮಜ್ಜಿಗೆಯೇ. ಇದನ್ನು ನಾನು ಹೀಗಳೆಯುತ್ತಿಲ್ಲ. ಅತ್ತೆಯ ತಂಬುಳಿ ತಿಂದು ನನ್ನ ಹೊಟ್ಟೆ ತಣ್ಣಗಾದದ್ದುಂಟು. ಆದರೆ ಹಿರಿಯರು ಹೇಳಿದ್ದಕ್ಕೆಲ್ಲ ಆರತಿ ಎತ್ತುವ ಜಾತಿಯೂ ನನ್ನದಲ್ಲ.

ಹೀಗಿರುವಾಗ ಅತ್ತೆಗೆ ಉರಿಮೂತ್ರ ಶುರುವಾಯಿತು. ಹೆಂಗಸರು ಈ ರೋಗವನ್ನು ಹೇಗೆ ಬಚ್ಚಿಡುತ್ತಾರೆಂದು ನಿಮಗೆ ಗೊತ್ತು. ಬಚ್ಚಲ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ, ತುಟಿ ಕಚ್ಚಿಕೊಂಡು ಬರುತ್ತಾರೆ, ಕೇಳಿದರೆ "ಎಂತದೂ ಇಲ್ಲೆ" ಎನ್ನುತ್ತಾರೆ. ಹೆಸರಿನಲ್ಲೇ ಉರಿ ಇರುವ ರೋಗ, ಅದನ್ನು ಕಳೆಯಲು ಕೊಟ್ಟ ಮಾತ್ರೆಯೂ ಉಷ್ಣ. ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆ? ಬೆಳಿಗ್ಗೆ ಎದ್ದರೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಅದರ ಜೊತೆಗೇ ಮಾತ್ರೆ. ಅದೇ ಗುಟುಕಿಗೆ ಮಂಡಿನೋವಿಗೆಂದು ಯಾರೋ ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ. ಸಂಜೆ ಎರಡನೆಯ ಮಾತ್ರೆಗೆ ದೊಡ್ಡ ಲೋಟದ ತುಂಬ ಹಾಲು.

ಉರಿ ಒಂಚೂರು ಇಳಿದಂತಾಯಿತು, ಮತ್ತೆ ಏರಿತು. ಮಾತ್ರೆ ಮುಗಿಯಿತು, ಮತ್ತೆ ಬರೆಸಿಕೊಂಡು ಬಂದೆವು. ಕೊನೆಗೆ ಒಂದು ಮಧ್ಯಾಹ್ನ ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವರು ಚಳಿ ಹತ್ತಿ ಗಡಗಡ ನಡುಗಿ ಗೋಡೆ ಹಿಡಿದು ಕೂತರು. ಸೊಂಟದ ಮೇಲಿನ ಪಕ್ಕೆ ಮುಟ್ಟಿದರೆ ಕಿರುಚುವಷ್ಟು ನೋವು. ನೋಡಲು ಬಂದವರೆಲ್ಲ ತಲೆಗೊಂದು ಮಾತು ಹೇಳಿದರು. ಈಗಿನ ಔಷಧಿಗೆ ಪವರೇ ಇಲ್ಲ ಎಂದರು. ಆ ಡಾಕ್ಟರಮ್ಮನ ಕೈಗುಣ ಸರಿಯಿಲ್ಲ ಎಂದರು. ಹಾಲು ಇನ್ನಷ್ಟು ಕೊಡಿ ಎಂದು ಹೇಳದವರು ಮಾತ್ರ ಯಾರೂ ಇರಲಿಲ್ಲ.

ಡಾಕ್ಟರಮ್ಮ ನಮ್ಮ ಪೇಟೆಯಲ್ಲೇ ಕ್ಲಿನಿಕ್ ಇಟ್ಟವರು. ನಗುವುದು ಕಡಿಮೆ. ಅವರು ಮೂತ್ರದ ಪರೀಕ್ಷೆಯ ಚೀಟಿ ನೋಡಿದರು, ಅತ್ತೆಯನ್ನು ನೋಡಿದರು. ಈ ಔಷಧಿಗೆ ಈ ಕ್ರಿಮಿ ಸಾಯುತ್ತದೆ ಎಂದು ಪರೀಕ್ಷೆ ಹೇಳುತ್ತಿದೆ, ಇವರ ಮೈಯಲ್ಲಿ ಮಾತ್ರ ಯಾಕೆ ಸಾಯುತ್ತಿಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಸೋಂಕು ಮೂತ್ರಪಿಂಡಕ್ಕೆ ಹತ್ತಿದಂತಿದೆ, ಹೀಗೇ ಆದರೆ ಹುಲಿಕಲ್ ಘಾಟಿ ಇಳಿಸಿ ಕೆಳಗಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ಅತ್ತೆಯ ಮುಖ ಬಿಳುಚಿತು. ಮಾವನವರನ್ನು ಅದೇ ಘಾಟಿಯಲ್ಲಿ ಇಳಿಸಿದ್ದರು. ಹತ್ತಿಸಿಕೊಂಡು ಬರುವಾಗ ಅವರು ಮಾತಾಡುತ್ತಿರಲಿಲ್ಲ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು, ಬಿಡಲೇ ಇಲ್ಲ.

ಆಗ ಡಾಕ್ಟರಮ್ಮ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಮಾತ್ರೆ ಎಂತದ್ರಲ್ಲಿ ನುಂಗ್ತೀರಿ?"

ಅತ್ತೆ ಆ ಜ್ವರದಲ್ಲೂ ಬೆನ್ನು ನೇರ ಮಾಡಿ ಕೂತರು. "ಹಾಲಲ್ಲಿ. ಬರೀ ನೀರಲ್ಲಿ ನುಂಗುವಷ್ಟು ಬಡತನ ಎಂಗೊಕ್ಕೆ ಬಂದಿದ್ದಿಲ್ಲೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹಾಲು, ಮೊಸರು, ಮಜ್ಜಿಗೆಯಲ್ಲಿರುವ ಕ್ಯಾಲ್ಸಿಯಂ ಈ ಜಾತಿಯ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಹೋಗಬೇಕಾದದ್ದರಲ್ಲಿ ಒಂದು ದೊಡ್ಡ ಪಾಲು ಹೋಗುವುದೇ ಇಲ್ಲ, ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೇ ನುಂಗಿದರಂತೂ ಇನ್ನೂ ಕೆಟ್ಟದ್ದು ಎಂದು ಬಿಡಿಸಿ ಹೇಳಿದರು. ಹೊಟ್ಟೆಯುರಿಗೆ ಕುಡಿಯುವ ಬಿಳಿ ಔಷಧಿಯೂ, ರಕ್ತ ಕಡಿಮೆಯೆಂದು ಕೊಡುವ ಕಬ್ಬಿಣದ ಮಾತ್ರೆಯೂ ಇದೇ ಕೆಲಸ ಮಾಡುತ್ತವಂತೆ. ನಾನು ಹೊಲಿಗೆಯವಳು, ನನಗೆ ಹುಕ್ಕು ಕಂಡಿತು. ಹುಕ್ಕು ತನ್ನ ಕೊಂಡಿಗೆ ಬೀಳಬೇಕು. ದಾರಿಯಲ್ಲೇ ಬೇರೆ ದಾರಕ್ಕೆ ಸಿಕ್ಕಿಕೊಂಡರೆ ರವಿಕೆ ತೆರೆದೇ ಇರುತ್ತದೆ. ಅಷ್ಟು ದಿನ ನಾವು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಕೆಲಸ.

ಹಾಗಾದರೆ ಎಲ್ಲ ಮಾತ್ರೆಗೂ ಹಾಲು ಬಿಡಬೇಕೇ ಎಂದು ನಾನು ಕೇಳಿದೆ. ಇಲ್ಲ, ಕೆಲವಕ್ಕೆ ಹಾಲು ಕುಡಿದರೂ ನಡೆಯುತ್ತದೆ, ಕೆಲವನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು, ಕೆಲವಕ್ಕೆ ಹೊಟ್ಟೆ ಖಾಲಿ ಇರಬೇಕು, ಕೊಟ್ಟವರನ್ನು ಕೇಳಿಯೇ ನುಂಗಬೇಕು, ಎಲ್ಲಕ್ಕೂ ಒಂದೇ ಮಂತ್ರ ಹೇಳಬೇಡಿ ಎಂದು ಸ್ವಲ್ಪ ಗದರಿಯೇ ಹೇಳಿದರು. ಎಲೆಯಡಿಕೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಂ ಅಲ್ಲವೇ ಎಂದೆ. ಆಗ ಒಂದು ಸಲ ನಕ್ಕರು. ಅಷ್ಟು ಸುಣ್ಣ ಏನು ಮಾಡುತ್ತದೋ ತನಗೆ ಗೊತ್ತಿಲ್ಲ, ಆದರೆ ಈಗ ಅದನ್ನೂ ಬಿಟ್ಟಿರಲಿ ಎಂದರು. ಇದೇ ಮಾತ್ರೆಯನ್ನು ಸರಿಯಾಗಿ ಬರೀ ನೀರಿನಲ್ಲಿ ನುಂಗಿಸಿ ನೋಡೋಣ, ಜ್ವರ ಜಗ್ಗದಿದ್ದರೆ ತಡಮಾಡದೆ ಘಾಟಿ ಇಳಿಸುವುದು ಎಂದು ಮಾತಾಯಿತು.

ಕ್ಲಿನಿಕ್ಕಿನಲ್ಲಿ ಅತ್ತೆ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಆಡಿಸಲಿಲ್ಲ. ಹಾಲು ಕುಡಿದು ಯಾರಾದರೂ ಕೆಟ್ಟದ್ದುಂಟೇ, ಕೃಷಿ ಗೊತ್ತಿಲ್ಲದ, ಕೊಟ್ಟಿಗೆ ಕಾಣದ ಡಾಕ್ಟರ್ ಹುಡುಗಿಯ ಮಾತು ಕೇಳಿ ತಾನು ಹಾಲು ಬಿಡಬೇಕೇ ಎಂದು ಗೊಣಗಿದರು. ಸಂಜೆಯ ಮಾತ್ರೆಗೆ ನಾನು ನೀರು ತರುವಷ್ಟರಲ್ಲಿ ಅವರ ಕೈಯಲ್ಲಿ ಹಾಲಿನ ಲೋಟವಿತ್ತು. ನಾನು ಕಸಿದುಕೊಂಡೆ. ಹಾಲು ಚೆಲ್ಲಿತು. ಆ ಮನೆಯಲ್ಲಿ ಹಾಲು ಚೆಲ್ಲುವುದೆಂದರೆ ದೇವರ ದೀಪ ಆರಿಸಿದಂತೆ. ನಮ್ಮವರು ಹೊರಗಿನಿಂದ ಬಂದವರು ನಮ್ಮಿಬ್ಬರನ್ನೂ ಕೆಳಗಿನ ಹಾಲನ್ನೂ ನೋಡಿ, ಗಾಡಿಗೆ ಗಾಳಿ ಹಾಕಿಸಬೇಕೆಂದು ಹೊರಟೇಬಿಟ್ಟರು.

ಮರುದಿನ ಬೆಳಿಗ್ಗೆ ಕರೆದ ಹಾಲನ್ನೆಲ್ಲ ಕೊಟ್ಟಿಗೆಯಿಂದ ನೇರ ಡೈರಿಗೆ ಕಳಿಸಿದೆ. ಹಿಂದಿನ ದಿನ ಉಳಿದಿದ್ದ ಹಾಲು, ಮೊಸರು, ಮಜ್ಜಿಗೆಯನ್ನು ಫ್ರಿಜ್ಜಿನೊಳಗಿಟ್ಟು, ಡ್ರಾಯರಿನ ತಳದಲ್ಲಿದ್ದ ಕೀಲಿ ಹುಡುಕಿ ತಂದು ಬೀಗ ತಿರುಗಿಸಿದೆ. ಕೀಲಿಯನ್ನು ನನ್ನ ಅಳತೆ ಟೇಪಿನ ತುದಿಗೆ ಪಿನ್ನು ಹಾಕಿ ಕೊರಳಿಗೆ ಹಾಕಿಕೊಂಡೆ. ರವಿಕೆ ಹೊಲಿಸಲು ಬಂದವರಲ್ಲಿ ಕೇಳಿದವರಿಗೆಲ್ಲ ಹೇಳಿದೆ. ಬಚ್ಚಿಟ್ಟುಕೊಳ್ಳುವಂಥದ್ದು ನಾನೇನು ಮಾಡಿದ್ದೆ? ಆ ದಿನ ಸಂಜೆಯೊಳಗೆ ಸುದ್ದಿ ಸಾಗರ ಮುಟ್ಟಿತ್ತು.

ಆದರೆ ಅತ್ತೆಯೂ ಕಡಿಮೆಯವರಲ್ಲ. ಮಾತ್ರೆಯ ಹೊತ್ತಿಗೆ ನಾನು ಮಿಷನ್ನಿನ ಮುಂದೆ ಕೂತಿದ್ದೆ. ಕಿಟಕಿಯಲ್ಲಿ ನೋಡಿದರೆ ಅತ್ತೆ ಶಾಲು ಹೊದ್ದುಕೊಂಡು, ಬೇಲಿ ಹಿಡಿದುಕೊಂಡು ಪಕ್ಕದ ಮನೆಯ ಕಡೆಗೆ ಹೋಗುತ್ತಿದ್ದಾರೆ. ಒಂದು ಮುಷ್ಟಿ ಬಿಗಿ ಮುಚ್ಚಿತ್ತು. ಒಳಗೆ ಮಾತ್ರೆ. ಪಕ್ಕದ ಮನೆಯಲ್ಲಿ ಮಜ್ಜಿಗೆ ಇರುತ್ತದೆ ಎಂದು ನನಗೂ ಗೊತ್ತಿತ್ತು. ಅರ್ಧ ಹೊಲಿದ ತೋಳನ್ನು ಅಲ್ಲೇ ಬಿಟ್ಟು ಓಡಿದೆ. ಬೇಲಿಯ ಬಾಯಲ್ಲಿ ಅಡ್ಡ ನಿಂತು, ನಿಮಗೆ ಘಾಟಿ ಇಳಿಯುವ ಆಸೆಯಿದ್ದರೆ ಈಗಲೇ ಗಾಡಿ ತರಿಸುತ್ತೇನೆ, ಸುಮ್ಮನೆ ಮಜ್ಜಿಗೆ ಕುಡಿದು ಸಾಯಬೇಡಿ ಎಂದೆ. ಸಾಯುವ ಮಾತನ್ನು ನಾನು ಆಡಬಾರದಿತ್ತು ಎಂದು ಆಮೇಲೆ ಹಲವರು ಹೇಳಿದರು. ಆಡಿದ್ದೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ.

ಅತ್ತೆ ಕೂಗಾಡಲಿಲ್ಲ. ನನ್ನ ಕೊರಳಲ್ಲಿದ್ದ ಕೀಲಿಯನ್ನೇ ನೋಡುತ್ತ ನಿಂತರು.

"ಇದೇ ಮನೆ. ಹಾಲಿನ ಕಪಾಟಿಗೆ ಆಗ್ಲೂ ಬೀಗ ಇತ್ತು. ಕೀಲಿ ಎಮ್ಮತ್ತೆ ಸೊಂಟದಲ್ಲಿ. ಬಾಳಂತನದ ಜ್ವರದಲ್ಲಿ ಎಂಗೆ ಬರೀ ನೀರು, ಹಾಲು ಗಂಡಸ್ರಿಗೆ. ಮೊಲೆಹಾಲು ಬತ್ತಿ ಹೋತು. ಮೊದ್ಲಿನ ಕೂಸು ಉಳಿದಿದ್ದಿಲ್ಲೆ."

ಕೂಸು ಎಂದರೆ ಅತ್ತೆಯ ಮಾತಿನಲ್ಲಿ ಹೆಣ್ಣು. ನಮ್ಮವರಿಗಿಂತ ಮೊದಲು ಒಂದು ಹೆಣ್ಣು ಮಗುವಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮವರಿಗೂ ಗೊತ್ತಿರಲಿಲ್ಲವಂತೆ. ಕರೆಂಟಿನವನಿಗೆ, ಪೋಸ್ಟಿನವನಿಗೆ, ಬಳೆಗಾರ್ತಿಗೆ ಅಷ್ಟು ವರ್ಷ ಅತ್ತೆ ಮಜ್ಜಿಗೆ ಕೊಟ್ಟದ್ದು ಯಾತಕ್ಕೆ ಎಂದು ಆಗ ತಿಳಿಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತೆ ಮಾತ್ರ ಅಳಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕೀಲಿ ತೆಗೆದು ಅವರ ಕೈಗಿಟ್ಟು ಕಾಲಿಗೆ ಬೀಳುತ್ತಿದ್ದಿರೋ ಏನೋ. ನನಗೂ ಕೈ ಟೇಪಿನವರೆಗೆ ಹೋಯಿತು. ಆದರೆ ಪಾಪ ಎಂದು ಹಾಲು ಕೊಟ್ಟರೆ ಆ ಜ್ವರ ಪಾಪ ಎನ್ನುತ್ತದೆಯೇ? ಆ ಹಳೆಯ ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಅವಳು ಅಂದು ಮಾಡಿದ ಅನ್ಯಾಯಕ್ಕೆ ಇಂದು ಇವರು ಮೂತ್ರಪಿಂಡ ಕಳೆದುಕೊಳ್ಳಬೇಕೇ? ಕೊಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅಲ್ಲೇ ನಿಂತಲ್ಲೇ ಇನ್ನೊಂದು ಯೋಚನೆ ಬಂತು. ಅತ್ತೆಯನ್ನು ಸುಟ್ಟದ್ದು ನೀರಲ್ಲ, ಪಕ್ಕದಲ್ಲೇ ಬೇರೆಯವರು ಹಾಲು ಕುಡಿದದ್ದು.

"ಕೀ ಕೊಡಲ್ಲ ಅತ್ತೆ. ಆದ್ರೆ ನಿಮ್ಮ ಮಾತ್ರೆ ಮುಗಿಯೋವರೆಗೆ ಈ ಮನೇಲಿ ಯಾರಿಗೂ ಹಾಲಿಲ್ಲ. ನನಗೂ ಇಲ್ಲ, ನಿಮ್ಮ ಮಗನಿಗೂ ಇಲ್ಲ, ಬಂದವರಿಗೂ ಬರೀ ನೀರೇ."

ಅತ್ತೆ ಮುಷ್ಟಿ ಬಿಚ್ಚಿದರು. ಮಾತ್ರೆ ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಕರಿ ಕಾಫಿ. ನಮ್ಮವರು ಮೊದಲ ದಿನ ಅದನ್ನು ಕುಡಿದು ಮುಖ ಕಿವುಚಿದರು, ಎರಡನೆಯ ದಿನ ಪೇಟೆಯ ಹೋಟೆಲಿಗೆ ಹೋಗಲು ಹೊರಟರು. ಅತ್ತೆಯೇ ಮಲಗಿದಲ್ಲಿಂದ "ಎಲ್ಲಿಗೆ?" ಎಂದರು. ವಾಪಸು ಬಂದು ಕೂತರು. ಅನ್ನಕ್ಕೆ ಸಾರು, ಸಾರಿನ ಮೇಲೆ ಸಾರು. ಮಜ್ಜಿಗೆ ಅನ್ನ ಇಲ್ಲದೆ ಊಟ ಮುಗಿಯಿತೆಂದು ಗೊತ್ತಾಗುವುದೇ ಇಲ್ಲ, ಎಲೆಯ ಮುಂದೆ ಸುಮ್ಮನೆ ಕೂತೇ ಇರುತ್ತಿದ್ದೆವು. ಇಷ್ಟೊಂದು ಬೇಕಿತ್ತೇ ಎಂದರೆ, ಡಾಕ್ಟರಮ್ಮ ಹೇಳಿದ ಲೆಕ್ಕಕ್ಕೆ ಬೇಕಿರಲಿಲ್ಲ. ಮಾತ್ರೆಯಿಂದ ದೂರ, ನಡುಹಗಲಲ್ಲಿ ಅತ್ತೆ ಸ್ವಲ್ಪ ಮಜ್ಜಿಗೆ ಕುಡಿಯಬಹುದಿತ್ತು. ಆದರೆ ಬಾಗಿಲು ಒಂದು ಸಲ ತೆರೆದರೆ ಅತ್ತೆಯ ಕೈಯನ್ನು ನಾನು ತಡೆಯಲಾರೆ ಎಂದು ನನಗೆ ಗೊತ್ತಿತ್ತು.

ಆ ನಡುವೆ ಮಾವನವರ ತಂಗಿ, ಆ ಹಳೆಯ ಅತ್ತೆಯ ಮಗಳು ಸುಬ್ಬತ್ತೆ ಸಾಗರದಿಂದ ಬಸ್ಸಿನಲ್ಲಿ ಬಂದಿಳಿದರು. ಅತ್ತಿಗೆಯನ್ನು ನೋಡುವುದಕ್ಕಿಂತ ಬೀಗವನ್ನು ನೋಡುವುದಕ್ಕೇ ಬಂದದ್ದು. ನಾನು ತಟ್ಟೆಯಲ್ಲಿಟ್ಟು ಒಂದು ಲೋಟ ನೀರು ಕೊಟ್ಟೆ. ಸುಬ್ಬತ್ತೆ ಲೋಟದೊಳಗೆ ಇಣುಕಿದರು, ನನ್ನನ್ನು ನೋಡಿದರು, ಮತ್ತೆ ಇಣುಕಿದರು. ಹೊಳೆಯ ನೀರೇ ಬಣ್ಣ ಬದಲಿಸಿದ್ದರೂ ಅವರು ಅಷ್ಟು ಬೆರಗಾಗುತ್ತಿರಲಿಲ್ಲ. ಅತ್ತೆಯ ಕಡೆ ತಿರುಗಿ ಮನೆಯಲ್ಲಿ ಹಾಲಿಲ್ಲವೇ ಎಂದು ಮೆಲ್ಲಗೆ ಕೇಳಿದರು.

"ಇದ್ದು," ಎಂದರು ಅತ್ತೆ. "ಬೀಗ ಹಾಕಿದ್ದು. ಎಂಗೂ ಅದೇ, ನಿಂಗೂ ಅದೇ. ಕುಡಿ."

ಹಾಗೆಂದು ಗೋಡೆಯ ಕಡೆ ಹೊರಳಿದರು. ಕಂಬಳಿಯ ಕೆಳಗೆ ಅವರ ಹೆಗಲು ಕುಲುಕುತ್ತಿತ್ತು. ಮತ್ತೆ ಚಳಿ ಬಂತೇ ಎಂದು ಹೆದರಿ ಹೋಗಿ ನೋಡಿದರೆ ನಗುತ್ತಿದ್ದರು. ನೀರೆಂಬುದು ಸುಬ್ಬತ್ತೆಯಂಥ ಸುಬ್ಬತ್ತೆಗೂ ಸಿಕ್ಕಿತಲ್ಲ, ಅದು ಅವರಿಗೆ ಅರ್ಧ ಔಷಧಿಯಾಯಿತು. ಉಳಿದರ್ಧ ಮಾತ್ರೆ ಮಾಡಿತು. ಜ್ವರ ಇಳಿಯಿತು, ಪಕ್ಕೆಯ ನೋವು ಹೋಯಿತು. ಘಾಟಿ ಇಳಿಯುವ ಮಾತನ್ನು ಡಾಕ್ಟರಮ್ಮ ಮತ್ತೆ ಎತ್ತಲಿಲ್ಲ.

ಕೊನೆಯ ಮಾತ್ರೆ ಮುಗಿದ ಮರುದಿನ ಬೆಳಿಗ್ಗೆ ಫ್ರಿಜ್ಜಿನ ಬೀಗ ತೆಗೆದೆ. ಅತ್ತೆ ಆಗತಾನೆ ಕರೆದ ಹಾಲನ್ನು ತಾವೇ ಕಾಯಿಸಿ, ದೊಡ್ಡ ಲೋಟಕ್ಕೆ ಬಗ್ಗಿಸಿ, ಅಷ್ಟು ದಿನ ಹಸಿದಿದ್ದವರು, ಅದನ್ನು ನನ್ನ ಮುಂದೆ ಹಿಡಿದರು. "ಮೊದ್ಲು ನೀ ಕುಡಿ" ಎಂದರು. ನನಗೆ ಹಾಲು ಅಷ್ಟಾಗಿ ಸೇರುವುದಿಲ್ಲ. ಕುಡಿದೆ. ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದೆ, ಕೆಲವು ದಿನಗಳಲ್ಲಿ ಅದು ಕಾಣೆಯಾಯಿತು. ಅವಮಾನ ತಾಳಲಾರದೆ ನಮ್ಮವರೇ ಎಸೆದಿರಬೇಕೆಂದು ತಿಳಿದು ಅವರನ್ನು ಸಾಕಷ್ಟು ಬೈದೆ.

ಇದೆಲ್ಲ ನೆನಪಾಗಿ ಮೊನ್ನೆ ನಗು ಬಂದದ್ದು. ಕೀಲಿ ಕಳೆದು ಬಹಳ ಕಾಲವಾಯಿತೆಂದು ಅಂಗಡಿಯವನಿಗೆ ಹೇಳಿದೆ. ಪಾಪ, ಅವನು ಹಗ್ಗ ಕಟ್ಟಲು ಶುರುಮಾಡಿದ. ಹೊಸ ಫ್ರಿಜ್ಜಿಗೆ ಬೀಗವೇ ಇಲ್ಲ. ಈಗ ಅಂಥದ್ದು ಯಾರಿಗೂ ಬೇಡವಂತೆ.

ಅಷ್ಟರಲ್ಲಿ ಬೆಂಚಿನಿಂದ ಅತ್ತೆ ಎದ್ದರು. ಕೊಟ್ಟಿಗೆಯ ಬಾಗಿಲ ಕೀಲಿ ಕಟ್ಟಿಕೊಳ್ಳುವ ಸೆರಗಿನ ಗಂಟನ್ನು ಬಿಚ್ಚಿದರು. ಅದರೊಳಗಿಂದ ತುಕ್ಕು ಹಿಡಿದ ಒಂದು ಚಿಕ್ಕ ಕೀಲಿ ತೆಗೆದು ಅಂಗೈ ಮೇಲಿಟ್ಟು ನನಗೆ ತೋರಿಸಿದರು. ಅಂಗಡಿಯವನು ಕೈ ಚಾಚಿದ. ಅತ್ತೆ ಕೊಡಲಿಲ್ಲ, ಮತ್ತೆ ಗಂಟು ಹಾಕಿಕೊಂಡರು. ಇಷ್ಟು ವರ್ಷ ಅದನ್ನು ಯಾತಕ್ಕೆ ಇಟ್ಟುಕೊಂಡಿರಿ ಎಂದೆ.

"ನಿಂಗೆ ಜ್ವರ ಬಂದ್ರೆ ಬೇಕಲೆ?"

ಅವರ ಕಣ್ಣು ನನ್ನ ಊದಿದ ಕೆನ್ನೆಯ ಮೇಲೂ ಕೈಯ ಮಾತ್ರೆಯ ಮೇಲೂ ಇತ್ತು. ಒಲೆಯ ಮೇಲೆ, ಏನೂ ಅಗಿಯಲಾರದೆ ನಾನೇ ಬೆಚ್ಚಗೆ ಮಾಡಿಕೊಂಡ ಹಾಲಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಹೋಗಿ ಆ ಪಾತ್ರೆಗೆ ತಟ್ಟೆ ಮುಚ್ಚಿದರು. ಕೊಡದಿಂದ ಒಂದು ಲೋಟ ನೀರು ಬಗ್ಗಿಸಿದರು. ಸ್ವಲ್ಪ ಚೆಲ್ಲಿತು. ತಂದು ನನ್ನೆದುರು ಹಿಡಿದು, "ಬರೀ ನೀರು" ಎಂದರು.

ಈ ಮಾತ್ರೆಗೆ ಹಾಲು ಕುಡಿದರೂ ಏನೂ ಆಗುವುದಿಲ್ಲ, ನಾನು ಕೇಳಿಯೇ ಬಂದಿದ್ದೆ. ಯಾವ ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳದ ನಾನು ಆ ಮಾತನ್ನು ಮಾತ್ರ ಅತ್ತೆಗೆ ಹೇಳಲಿಲ್ಲ. ಮಾತ್ರೆ ಬಾಯಿಗೆ ಹಾಕಿಕೊಂಡು, ಅವರು ನೋಡುತ್ತಿದ್ದಂತೆ, ಲೋಟದ ತಳ ಕಾಣುವವರೆಗೆ ಆ ನೀರನ್ನು ಕುಡಿದೆ.